ನಗೆಗೆ ಅಂಜದ ವಿಜ್ಞಾನಿ: ಡಾ. ಎಸ್. ಚಂದ್ರಶೇಖರ್



ತರಗತಿಯಲ್ಲಿ ಸರಿಯಾದ ಉತ್ತರವನ್ನೇ ಹೇಳಿ, ಆದರೂ ನಗೆಪಾಟಲಿಗೆ ಈಡಾದ ಅನುಭವ ನಿಮಗಿದೆಯೇ? ಒಂದೇ ಒಂದು ನಗೆಗೆ ಹೆದರಿ ಮುಂದೆಂದೂ ಕೈ ಎತ್ತದ ಮಕ್ಕಳನ್ನು ಶಿಕ್ಷಕರಾದ ನಾವು ಪ್ರತಿ ವರ್ಷ ನೋಡುತ್ತೇವೆ. ಅಂತಹ ಮಕ್ಕಳಿಗಾಗಿಯೇ ಈ ಲೇಖನ. ಇದು ಖಗೋಳ ವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಜೀವನ ಪರಿಚಯ.

ಚಂದ್ರಶೇಖರ್ ತಮಿಳು ಕುಟುಂಬದವರು. ಹುಟ್ಟಿದ್ದು ಮಾತ್ರ ಲಾಹೋರಿನಲ್ಲಿ, 1910ರ ಅಕ್ಟೋಬರ್ 19ರಂದು. ತಂದೆ ಸಿ. ಸುಬ್ರಹ್ಮಣ್ಯ ಅಯ್ಯರ್ ರೈಲ್ವೆ ಲೆಕ್ಕಪತ್ರ ವಿಭಾಗದ ಅಧಿಕಾರಿ. ತಾಯಿ ಸೀತಾಲಕ್ಷ್ಮಿ ಇಬ್ಸನ್ನರ ನಾಟಕವೊಂದನ್ನು ತಮಿಳಿಗೆ ತಂದ ವಿದ್ಯಾವಂತೆ. ಬೆಂಗಳೂರಿನಲ್ಲಿ ನೆಲೆಸಿದ್ದ ಸರ್ ಸಿ. ವಿ. ರಾಮನ್ ಇವರ ಚಿಕ್ಕಪ್ಪ. ಹನ್ನೆರಡನೇ ವಯಸ್ಸಿನವರೆಗೂ ಬಾಲಕನಿಗೆ ಮನೆಯೇ ಪಾಠಶಾಲೆ. ನಂತರ ಮದ್ರಾಸಿನಲ್ಲಿ ಹೈಸ್ಕೂಲು ಮತ್ತು ಪ್ರೆಸಿಡೆನ್ಸಿ ಕಾಲೇಜು.

1930ರಲ್ಲಿ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಕೇಂಬ್ರಿಡ್ಜಿಗೆ ಹೊರಟಾಗ ಅವರಿಗೆ ಹತ್ತೊಂಬತ್ತು ವರ್ಷ. ಹಡಗಿನ ಪ್ರಯಾಣದಲ್ಲಿ ಅವರು ಒಂದು ಲೆಕ್ಕ ಹಿಡಿದು ಕುಳಿತರು. ಇಂಧನ ಮುಗಿದ ನಕ್ಷತ್ರ ತನ್ನದೇ ಭಾರಕ್ಕೆ ಕುಗ್ಗುತ್ತದೆ. ಹೀಗೆ ಕುಗ್ಗಿದ ನಕ್ಷತ್ರಗಳೆಲ್ಲ ಭೂಮಿಯಷ್ಟು ಗಾತ್ರದ ಶ್ವೇತಕುಬ್ಜಗಳಾಗಿ ನಿಂತು ನಿಧಾನವಾಗಿ ತಣ್ಣಗಾಗುತ್ತವೆ ಎಂಬುದು ಆಗಿನ ತಿಳಿವಳಿಕೆ. ಚಂದ್ರಶೇಖರ್ ಇದಕ್ಕೆ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವನ್ನು ಸೇರಿಸಿ ನೋಡಿದರು. ಆಗ ಒಂದು ಮಿತಿ ಕಾಣಿಸಿತು. ಮುಂದೆ ಅದು ಸೂರ್ಯನ ದ್ರವ್ಯರಾಶಿಯ ಸುಮಾರು 1.4 ಪಟ್ಟು ಎಂದು ನಿಖರವಾಯಿತು. ಅದಕ್ಕಿಂತ ಹೆಚ್ಚು ದ್ರವ್ಯರಾಶಿ ಉಳಿದರೆ ಆ ನಕ್ಷತ್ರ ಶ್ವೇತಕುಬ್ಜವಾಗಿ ನಿಲ್ಲಲಾರದು, ಇನ್ನೂ ಕುಸಿಯುತ್ತಲೇ ಹೋಗುತ್ತದೆ. ಈ ಮಿತಿಯನ್ನೇ ಇಂದು 'ಚಂದ್ರಶೇಖರ್ ಮಿತಿ' ಎನ್ನುತ್ತಾರೆ. ನ್ಯೂಟ್ರಾನ್ ನಕ್ಷತ್ರ ಮತ್ತು ಕಪ್ಪುರಂಧ್ರಗಳ ಕಡೆಗೆ ಬಾಗಿಲು ತೆರೆದದ್ದು ಇಲ್ಲಿಯೇ.

ಆದರೆ ಬಾಗಿಲು ತೆರೆದವನಿಗೆ ಸಿಕ್ಕಿದ್ದು ಅಪಹಾಸ್ಯ. 1935ರ ಜನವರಿ 11ರಂದು ಲಂಡನ್ನಿನ ರಾಯಲ್ ಆಸ್ಟ್ರೊನಾಮಿಕಲ್ ಸೊಸೈಟಿಯಲ್ಲಿ ಅವರು ತಮ್ಮ ಶೋಧವನ್ನು ಮಂಡಿಸಿದರು. ಅವರ ನಂತರ ಎದ್ದವರು ಆ ಕಾಲದ ಸುಪ್ರಸಿದ್ಧ ಖಗೋಳಜ್ಞ ಸರ್ ಆರ್ಥರ್ ಎಡಿಂಗ್ಟನ್. ತಿಂಗಳುಗಟ್ಟಲೆ ಚಂದ್ರಶೇಖರರ ಲೆಕ್ಕವನ್ನು ಹತ್ತಿರದಿಂದ ನೋಡುತ್ತಾ ಬಂದವರು ಇವರೇ. ತಮ್ಮ ಆಕ್ಷೇಪಣೆಯ ಸುಳಿವನ್ನು ಮಾತ್ರ ಅವರು ಕೊಟ್ಟಿರಲಿಲ್ಲ. ನಕ್ಷತ್ರ ಹೀಗೆ ಅಸಂಬದ್ಧವಾಗಿ ವರ್ತಿಸಲು ಸಾಧ್ಯವಿಲ್ಲ ಎಂದು ಅವರು ಹಾಸ್ಯ ಮಾಡಿದರು. ಸಭೆಯೂ ನಕ್ಕಿತು. ದೊಡ್ಡ ಭೌತವಿಜ್ಞಾನಿಗಳು ಕೆಲವರು ಚಂದ್ರಶೇಖರ್ ಹೇಳಿದ್ದೇ ಸರಿ ಎಂದು ಖಾಸಗಿಯಾಗಿ ಒಪ್ಪಿದರು, ಬಹಿರಂಗವಾಗಿ ನಿಲ್ಲಲು ಮುಂದೆ ಬರಲಿಲ್ಲ. ಆಗ ಚಂದ್ರಶೇಖರರ ವಯಸ್ಸು ಇಪ್ಪತ್ತನಾಲ್ಕು. ಯೋಚಿಸಿ ನೋಡಿ, ಪರದೇಶ, ಗುಲಾಮ ದೇಶದ ಯುವಕ, ಎದುರಿಗೆ ಇಡೀ ಸಭೆ!

ಅವರು ಏನು ಮಾಡಿದರು ಗೊತ್ತೇ? ವಿಜ್ಞಾನವನ್ನು ಬಿಡಲಿಲ್ಲ. ಜಗಳವನ್ನು ಬೆಳೆಸುತ್ತಲೂ ಕೂರಲಿಲ್ಲ. 1937ರಲ್ಲಿ ಅಮೆರಿಕದ ಚಿಕಾಗೊ ವಿಶ್ವವಿದ್ಯಾಲಯದ ಯರ್ಕಿಸ್ ವೀಕ್ಷಣಾಲಯಕ್ಕೆ ಸೇರಿದರು. 1939ರಲ್ಲಿ ನಕ್ಷತ್ರಗಳ ರಚನೆಯ ಬಗ್ಗೆ ಪುಸ್ತಕ ಬರೆದು, ತಮ್ಮ ಲೆಕ್ಕವನ್ನು ಅದರಲ್ಲಿಟ್ಟು, ಬೇರೆ ವಿಷಯಕ್ಕೆ ಹೊರಳಿದರು. ಒಂದು ವಿಷಯವನ್ನು ಹಿಡಿದು ವರ್ಷಗಟ್ಟಲೆ ದುಡಿಯುವುದು, ಸಂಪೂರ್ಣ ಗ್ರಂಥ ಬರೆದು ಮುಗಿಸುವುದು, ಮತ್ತೆ ಹೊಸ ವಿಷಯದ ವಿದ್ಯಾರ್ಥಿಯಾಗುವುದು, ಇದೇ ಅವರ ಜೀವನಕ್ರಮವಾಯಿತು.

ಅವರು ಒಳ್ಳೆಯ ಉಸ್ತಾದರೂ ಹೌದು. ಯರ್ಕಿಸ್‌ನಿಂದ ಚಿಕಾಗೊಗೆ ನೂರಕ್ಕೂ ಹೆಚ್ಚು ಕಿ.ಮೀ. ದೂರ ಹೋಗಿ ಪಾಠ ಮಾಡುತ್ತಿದ್ದರು. ಒಮ್ಮೆ ಅವರ ತರಗತಿಯಲ್ಲಿ ಇದ್ದವರು ಇಬ್ಬರೇ ಎಂದು ಅಲ್ಲಿ ಹೇಳಿಕೊಂಡು ಬಂದಿದ್ದಾರೆ. ಆ ಇಬ್ಬರು, ಲೀ ಮತ್ತು ಯಾಂಗ್, 1957ರಲ್ಲಿ ನೊಬೆಲ್ ಪಡೆದರು! 1952ರಿಂದ 1971ರವರೆಗೆ ಚಂದ್ರಶೇಖರ್ 'ಆಸ್ಟ್ರೊಫಿಸಿಕಲ್ ಜರ್ನಲ್' ಪತ್ರಿಕೆಯ ಸಂಪಾದಕರಾಗಿದ್ದರು.

ಅವರ ಸಂಶೋಧನೆಯ ಫಲ ಎಷ್ಟು ದೂರ ಹಬ್ಬಿದೆ ಎಂಬುದಕ್ಕೆ ಒಂದು ಉದಾಹರಣೆ ನೋಡಿ. ಕಪ್ಪುರಂಧ್ರದ ಸುತ್ತ ಅನಿಲವು ತಟ್ಟೆಯಾಕಾರದಲ್ಲಿ ತಿರುಗುತ್ತಿರುತ್ತದೆ. ಅದರಲ್ಲಿ ಹೆಚ್ಚಿನದು ಒಳಗೆ ಬೀಳುತ್ತದೆ, ಸ್ವಲ್ಪ ಭಾಗ ಮಾತ್ರ ಬೆಳಕಿನ ವೇಗಕ್ಕೆ ಸಮೀಪದ ವೇಗದಲ್ಲಿ ಕಾರಂಜಿಯಂತೆ ಹೊರಚಿಮ್ಮುತ್ತದೆ. ಇದಕ್ಕೆ ಜೆಟ್ ಎನ್ನುತ್ತಾರೆ. ಆದರೆ ತಿರುಗುವ ಅನಿಲ ತಿರುಗುತ್ತಲೇ ಇರದೆ ಒಳಗೆ ಬೀಳುವುದೇಕೆ? ತಿರುಗುವ ದ್ರವದಲ್ಲಿ ಕಾಂತಕ್ಷೇತ್ರವಿದ್ದರೆ ಅಸ್ಥಿರತೆ ಹುಟ್ಟುತ್ತದೆ ಎಂದು ರಷ್ಯಾದ ವೆಲಿಖೋವ್ 1959ರಲ್ಲಿ, ಚಂದ್ರಶೇಖರ್ 1960ರಲ್ಲಿ ತೋರಿಸಿದ್ದರು. 1991ರಲ್ಲಿ ಬಾಲ್ಬಸ್ ಮತ್ತು ಹಾಲಿ ಎಂಬ ವಿಜ್ಞಾನಿಗಳು ಅದನ್ನೇ ಈ ಅನಿಲದ ತಟ್ಟೆಗೆ ಅನ್ವಯಿಸಿದರು. ಬಿತ್ತಿದ ಬೀಜ ಮೂವತ್ತು ವರ್ಷಗಳ ನಂತರ ಮೊಳೆಯಿತು!

ಅರವತ್ತು ದಾಟಿದ ಮೇಲೆ ಚಂದ್ರಶೇಖರ್ ಕಪ್ಪುರಂಧ್ರಗಳ ಗಣಿತವನ್ನೇ ಕೈಗೆತ್ತಿಕೊಂಡರು. 1983ರಲ್ಲಿ ಆ ಗ್ರಂಥ ಹೊರಬಂತು. ಅದೇ ವರ್ಷ ವಿಲಿಯಂ ಫೌಲರ್ ಅವರೊಂದಿಗೆ ನೊಬೆಲ್ ಪ್ರಶಸ್ತಿಯೂ ಬಂತು. ಹಡಗಿನ ಲೆಕ್ಕಕ್ಕೆ ಆಗ ಐವತ್ಮೂರು ವರ್ಷ ತುಂಬಿತ್ತು. 1995ರ ಆಗಸ್ಟ್ 21ರಂದು ಅವರು ಚಿಕಾಗೊದಲ್ಲಿ ನಿಧನರಾದರು.

1999ರಲ್ಲಿ ನಾಸಾ ಹಾರಿಸಿದ ಕ್ಷ-ಕಿರಣ ದೂರದರ್ಶಕಕ್ಕೆ 'ಚಂದ್ರಾ' ಎಂದು ಅವರ ಹೆಸರನ್ನೇ ಇಟ್ಟರು. ಸುಮಾರು ಐದೂವರೆ ಕೋಟಿ ಜ್ಯೋತಿರ್ವರ್ಷ ದೂರದ ಎಂ-87 ಗೆಲಾಕ್ಸಿಯ ಜೆಟ್ಟನ್ನು ಅದು ಚಿತ್ರಿಸಿದೆ. ಆ ಜೆಟ್‌ನ ಬುಡದಲ್ಲಿರುವ ಕಪ್ಪುರಂಧ್ರದ ಚಿತ್ರವನ್ನು ಬೇರೆ ದೂರದರ್ಶಕಗಳ ನೆರವಿನಿಂದ 2019ರಲ್ಲಿ ಜಗತ್ತೇ ಕಂಡಿತು. ಲಡಾಖಿನ ಹಾನ್ಲೆಯಲ್ಲಿಯೂ ಅವರ ಹೆಸರಿನ ದೂರದರ್ಶಕವಿದೆ. ಅದನ್ನು ನಮ್ಮ ಬೆಂಗಳೂರು ಸಮೀಪದ ಹೊಸಕೋಟೆಯಿಂದಲೇ ಉಪಗ್ರಹದ ಮೂಲಕ ನಡೆಸುತ್ತಾರೆ.

ಇನ್ನೊಂದು ಮಾತು. 1944ರಲ್ಲಿ ಎಡಿಂಗ್ಟನ್ ತೀರಿಕೊಂಡಾಗ, ಅವರನ್ನು ತಮ್ಮ ಕಾಲದ ಅತಿ ಶ್ರೇಷ್ಠ ಖಗೋಳಜ್ಞರ ಸಾಲಿನಲ್ಲಿಟ್ಟು ಸ್ಮರಿಸಿದವರು ಇದೇ ಚಂದ್ರಶೇಖರ್. ಇಲ್ಮ್ ಇದ್ದಲ್ಲಿ ಅದಬ್ ಕೂಡ ಇರಬೇಕೆಂದು ನಮ್ಮ ಹಿರಿಯರು ಹೇಳುವುದು ಇದನ್ನೇ ಅಲ್ಲವೇ?

ಮಕ್ಕಳೇ, ನಿಮ್ಮ ಲೆಕ್ಕವನ್ನು ಮತ್ತೊಮ್ಮೆ ಪರೀಕ್ಷಿಸಿ. ತಪ್ಪಿದ್ದರೆ ತಿದ್ದಿಕೊಳ್ಳಿ. ಸರಿಯಿದ್ದರೆ ಯಾರ ನಗೆಗೂ ಅದನ್ನು ಅಳಿಸಬೇಡಿ. ನಮ್ಮ ಮಕ್ಕಳಿಗೆ ಇಂತಹ ಸಬ್ರ್ ಮತ್ತು ಛಲವನ್ನು ಅಲ್ಲಾಹನು ಕರುಣಿಸಲಿ, ಆಮೀನ್.