ಮಾರ್ಗರೆಟ್ ವಿಲ್ಸನ್

ಸ್ಕಾಟ್ಲೆಂಡಿನ ನೈರುತ್ಯ ತೀರದಲ್ಲಿ ವಿಗ್‌ಟೌನ್ ಎಂಬ ಚಿಕ್ಕ ಪಟ್ಟಣವುಂಟು. ಅಲ್ಲಿಯ ಹಳೆಯ ದೇವಾಲಯದ ಸ್ಮಶಾನದಲ್ಲಿರುವ ಒಂದು ಶಿಲೆಯ ಮೇಲೆ ಹದಿನೆಂಟು ವರುಷದ ಕನ್ನಿಕೆಯೊಬ್ಬಳ ಹೆಸರು ಕೆತ್ತಲ್ಪಟ್ಟಿದೆ. ರಕ್ತಸಾಕ್ಷಿಯಾದ ಮಾರ್ಗರೆಟ್ ವಿಲ್ಸನಳ ಸಮಾಧಿಯು ಅದೇ.

ಈಕೆಯು ಗಿಲ್ಬರ್ಟ್ ವಿಲ್ಸನ್ ಎಂಬ ಒಕ್ಕಲಿಗನ ಮಗಳು. ಎರಡನೆಯ ಚಾರ್ಲ್ಸ್ ರಾಜನು ಆ ದೇಶದ ಸಭೆಯಲ್ಲಿ ಬಿಷಪರ ಆಡಳಿತವನ್ನು ಪುನಃ ಸ್ಥಾಪಿಸಿದಾಗ, 1638ರ ಒಡಂಬಡಿಕೆಗೆ ಬದ್ಧರಾಗಿದ್ದವರು ಅದನ್ನು ಒಪ್ಪದೆ ಬೆಟ್ಟಗುಡ್ಡಗಳಲ್ಲಿ ಕೂಡಿ ಆರಾಧಿಸತೊಡಗಿದರು. ಅಂಥ ಕೂಟಗಳಿಗೆ ಹೋಗುವುದು ಅಪರಾಧವೆನಿಸಿತು. ತಂದೆತಾಯಿಗಳು ರಾಜಾಜ್ಞೆಗೆ ತಲೆಬಾಗಿದರು. ಮಕ್ಕಳಾದರೋ ಬಾಗಲಿಲ್ಲ. ಮಾರ್ಗರೆಟಳು, ಆಕೆಯ ತಮ್ಮ ಥಾಮಸನು, ತಂಗಿ ಆಗ್ನೆಸಳು ಮನೆಯನ್ನು ಬಿಟ್ಟು ಬೆಟ್ಟಗಳಲ್ಲಿ ಅಡಗಿಕೊಂಡರು.

1685ರ ಫೆಬ್ರವರಿಯಲ್ಲಿ ಚಾರ್ಲ್ಸನು ತೀರಿಕೊಂಡನು. ಅನಂತರ ಅಕ್ಕತಂಗಿಯರಿಬ್ಬರೂ ಗುಟ್ಟಾಗಿ ವಿಗ್‌ಟೌನಿಗೆ ಬಂದಾಗ ಸೆರೆಸಿಕ್ಕಿದರು. ಮಾರ್ಗರೆಟ್ ಮೆಕ್‌ಲಾಕ್ಲನ್ ಎಂಬ ವೃದ್ಧ ವಿಧವೆಯೂ ಬಂಧಿತಳಾದಳು. ಒಡಂಬಡಿಕೆಯವರು 1684ರಲ್ಲಿ ಸರಕಾರಕ್ಕೆ ವಿರೋಧವಾಗಿ ಹೊರಡಿಸಿದ್ದ ಪ್ರಕಟಣೆಯನ್ನು ಆಣೆಯಿಟ್ಟು ನಿರಾಕರಿಸಿದರೆ ಬಿಡುಗಡೆಯಾಗಬಹುದಿತ್ತು. ಅವರು ಆಣೆಯಿಡಲೊಲ್ಲದೆ ಹೋದರು. ಏಪ್ರಿಲ್ 13ರಂದು, ಸಮುದ್ರದಲ್ಲಿ ಗೂಟಕ್ಕೆ ಕಟ್ಟಿ ಮುಳುಗಿಸಬೇಕೆಂಬ ತೀರ್ಪಾಯಿತು.

ತಂದೆಯು ಎಡಿನ್‌ಬರೋ ನಗರಕ್ಕೆ ಧಾವಿಸಿ, ನೂರು ಪೌಂಡುಗಳ ಜಾಮೀನಿನ ಮೇಲೆ ಹದಿಮೂರು ವರುಷದ ಆಗ್ನೆಸಳನ್ನು ಬಿಡಿಸಿಕೊಂಡನು. ಉಳಿದಿಬ್ಬರ ಶಿಕ್ಷೆಯನ್ನು ತಡೆಯುವ ಅಪ್ಪಣೆಯು ರಾಜನ ಆಲೋಚನಾ ಸಭೆಯಿಂದ ಏಪ್ರಿಲ್ 30ರಂದು ಹೊರಟಿತು. ಆದರೂ ವಿಗ್‌ಟೌನಿನಲ್ಲಿ ಶಿಕ್ಷೆಯು ನಿಲ್ಲಲಿಲ್ಲ.

ಮೇ 11ರಂದು ಅವರನ್ನು ಬ್ಲಾಡ್‌ನಾಕ್ ನದಿಯ ಮುಖಕ್ಕೆ ಒಯ್ದರು. ಕಿರಿಯಳು ಕಂಡು ಹೆದರಲೆಂದು ಹಿರಿಯಳನ್ನು ಆಳದ ಕಡೆಗೆ ಕಟ್ಟಿದರು. ಉಬ್ಬರದ ನೀರು ಮೊದಲು ವೃದ್ಧೆಯನ್ನು ಮುಚ್ಚಿತು. ಮಾರ್ಗರೆಟಳು ಇಪ್ಪತ್ತೈದನೆಯ ಕೀರ್ತನೆಯನ್ನು ಹಾಡಿ, ರೋಮಾಪುರದವರಿಗೆ ಬರೆದ ಪತ್ರಿಕೆಯ ಎಂಟನೆಯ ಅಧ್ಯಾಯವನ್ನು ಓದಿ ಪ್ರಾರ್ಥಿಸಿದಳು. ಪ್ರಾಣವು ಹೋಗುವ ಮೊದಲು ಆಕೆಯನ್ನು ಮೇಲೆತ್ತಿ, ರಾಜನಿಗಾಗಿ ಪ್ರಾರ್ಥಿಸುವೆಯೋ ಎಂದು ಕೇಳಿದರು. ಎಲ್ಲರ ರಕ್ಷಣೆಯನ್ನೂ ಬಯಸುವೆನೆಂದು ಹೇಳಿ, ರಾಜನಿಗಾಗಿಯೂ ಬೇಡಿಕೊಂಡಳು. ಆಣೆಯನ್ನು ಮಾತ್ರ ಇಡಲಿಲ್ಲ. ಪುನಃ ನೀರಿಗೆ ನೂಕಲ್ಪಟ್ಟು ಅಸುನೀಗಿದಳು.

ಶಿಕ್ಷೆಯನ್ನು ತಡೆಯುವ ಅಪ್ಪಣೆಯಿದ್ದುದರಿಂದ, ಈ ಮರಣವು ನಡೆಯಿತೇ ಎಂದು ಹತ್ತೊಂಬತ್ತನೆಯ ಶತಮಾನದಲ್ಲಿ ಕೆಲವರು ಸಂಶಯಪಟ್ಟರು. ಆದರೆ ಕಣ್ಣಾರೆ ಕಂಡವರು ಇನ್ನೂ ಬದುಕಿದ್ದ 1711ರಲ್ಲಿಯೇ ಆಕೆಯ ಊರಿನ ಸಭೆಯು ಈ ವೃತ್ತಾಂತವನ್ನು ಬರೆದಿರಿಸಿತು. 1858ರಲ್ಲಿ ಪಟ್ಟಣದ ಗುಡ್ಡದ ಮೇಲೆ ಸ್ಮಾರಕಸ್ತಂಭವೂ ಎದ್ದಿತು. 1871ರಲ್ಲಿ ಮಿಲೇ ಎಂಬ ಚಿತ್ರಕಾರನು ಬರೆದ ಆಕೆಯ ಚಿತ್ರವು ಲಿವರ್‌ಪೂಲಿನಲ್ಲಿದೆ.

ಪ್ರಿಯ ಸಹೋದರಿಯರೇ, ಆಕೆಯನ್ನು ಹಡೆದವರು ಕೂಡ ಆಕೆಯಂತೆ ನಡೆಯಲಿಲ್ಲ. ಒಂದು ಮಾತಿನಿಂದ ಪ್ರಾಣವು ಉಳಿಯುತ್ತಿತ್ತು. ಮನಸ್ಸಾಕ್ಷಿಯು ಒಪ್ಪದ ಆ ಮಾತನ್ನು ಆಡಲೊಲ್ಲದೆ ಹೋದಳು. ಹಾಗಿದ್ದೂ ತನ್ನನ್ನು ಕೊಂದವರ ರಾಜನಿಗಾಗಿ ಪ್ರಾರ್ಥಿಸಿದಳು. ಈ ಎರಡನ್ನೂ ಆ ಶಿಲೆಯು ನಮಗೆ ನೆನಪಿಸಲಿ.