ಪಾನನಿರೋಧ ಮತ್ತು ಗೋಸೇವೆ: ಮಹಾತ್ಮಾ ಗಾಂಧಿಯವರ ಎರಡು ವ್ರತಗಳು

ಮಹಾಪುರುಷರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅವರು ನಡೆಸಿದ ದೊಡ್ಡ ಹೋರಾಟಗಳನ್ನೇ ಎತ್ತಿ ಹೇಳುವರು. ಮೋಹನದಾಸ ಕರಮಚಂದ ಗಾಂಧಿಯವರ ವಿಷಯದಲ್ಲಿಯೂ ಹಾಗೆಯೇ ಆಗಿದೆ. ಉಪ್ಪಿನ ಸತ್ಯಾಗ್ರಹವನ್ನು ಅರಿಯದವರಿಲ್ಲ. ಆದರೆ ರೈತನ ಮನೆಯಿಂದ ಶೇಂದಿಯಂಗಡಿಗೆ ಹರಿದುಹೋಗುವ ದುಡ್ಡನ್ನು ತಡೆಯುವುದಕ್ಕೂ, ಅದೇ ಮನೆಯ ಕೊಟ್ಟಿಗೆಯಿಂದ ಹಾಲಿನ ರೂಪವಾಗಿ ಬರಬೇಕಾದ ದುಡ್ಡನ್ನು ಉಳಿಸುವುದಕ್ಕೂ ಆ ಮಹಾತ್ಮರು ಪಟ್ಟ ಪಾಡನ್ನು ಬಲ್ಲವರು ವಿರಳ. ಶರಣರು ನಮಗೆ ಸತ್ಯಶುದ್ಧ ಕಾಯಕವನ್ನು ಬೋಧಿಸಿದರು. ದ್ರವ್ಯವು ಶುದ್ಧವಲ್ಲದಿದ್ದರೆ ಅದು ದಾಸೋಹಕ್ಕೆ ಸಲ್ಲದೆಂಬುದು ನಮ್ಮ ಮಾರ್ಗದ ಮೂಲತತ್ತ್ವ. ಗಾಂಧಿಯವರ ಈ ಎರಡು ಕಾರ್ಯಗಳ ಒಳಗಿರುವುದೂ ಅದೇ ತತ್ತ್ವವಾದುದರಿಂದ, ಶ್ರೀಮಠದ ಈ ಮಹೋತ್ಸವದ ಸಂಚಿಕೆಯಲ್ಲಿ ಅವನ್ನು ಭಕ್ತರ ಮುಂದಿಡುವುದು ಉಚಿತವೆಂದು ಭಾವಿಸುತ್ತೇನೆ.

ಗಾಂಧಿಯವರು ೧೮೬೯ನೆಯ ಇಸವಿ ಅಕ್ಟೋಬರ್ ೨ರಂದು ಕಾಠೇವಾಡದ ಪೋರಬಂದರಿನಲ್ಲಿ ಜನಿಸಿದರು. ತಂದೆ ಕರಮಚಂದರು ಸಂಸ್ಥಾನದ ದಿವಾನರು. ತಾಯಿ ಪುತಳೀಬಾಯಿಯವರು ಉಪವಾಸ ವ್ರತಗಳಲ್ಲಿ ನಿಷ್ಠೆಯುಳ್ಳ ಸಾಧ್ವಿ. ೧೮೮೮ರಲ್ಲಿ ಮಗನು ನ್ಯಾಯಶಾಸ್ತ್ರದ ವ್ಯಾಸಂಗಕ್ಕಾಗಿ ಲಂಡನ್ನಿಗೆ ಹೊರಡಲು ಸಿದ್ಧನಾದಾಗ ಆ ತಾಯಿಯ ಮನಸ್ಸು ಒಪ್ಪಲಿಲ್ಲ. ಆಗ ಕುಟುಂಬಕ್ಕೆ ಹಿತೈಷಿಗಳಾಗಿದ್ದ ಬೇಚರಜೀ ಸ್ವಾಮಿಯೆಂಬ ಜೈನ ಯತಿಗಳು, ಮದ್ಯ, ಮಾಂಸ, ಪರಸ್ತ್ರೀ ಈ ಮೂರನ್ನು ಮುಟ್ಟಕೂಡದೆಂದು ಮಗನಿಂದ ಪ್ರತಿಜ್ಞೆ ಮಾಡಿಸಿದರು. ಅದರ ಮೇಲೆಯೇ ತಾಯಿಯ ಅಪ್ಪಣೆಯಾಯಿತು. ಮುಂದೆ ದೇಶದ ಲಕ್ಷಾಂತರ ಜನರಿಂದ ಮದ್ಯವನ್ನು ಬಿಡಿಸಲೆಳಸಿದವರು ಮೊದಲು ತಾವೇ ಪರದೇಶದಲ್ಲಿ, ನೋಡುವವರಾರೂ ಇಲ್ಲದ ಕಡೆಯಲ್ಲಿ, ಕೊಟ್ಟ ಮಾತಿಗೆ ಕಟ್ಟುಬಿದ್ದು ಮೂರು ವರುಷ ನಡೆದರು. ವ್ರತವೆಂಬುದು ಬಾಯಿಮಾತಲ್ಲ, ಬದುಕಿನ ಕಟ್ಟು ಎಂಬುದನ್ನು ಅವರು ಕಲಿತುದು ಅಲ್ಲಿಯೇ.

೧೮೯೩ರಲ್ಲಿ ಅವರು ದಕ್ಷಿಣ ಆಫ್ರಿಕಕ್ಕೆ ಹೋದರು. ಕರಾರಿನ ಮೇಲೆ ಕಬ್ಬಿನ ತೋಟಗಳಿಗೂ ಗಣಿಗಳಿಗೂ ಹೋಗಿದ್ದ ನಮ್ಮ ದೇಶದ ಕೂಲಿಗಳು ದುಡಿದ ಹಣವನ್ನು ಕುಡಿತಕ್ಕೆ ಸುರಿದು ಹೆಂಡಿರು ಮಕ್ಕಳನ್ನು ಉಪವಾಸ ಕೆಡಹುವುದನ್ನು ಅವರು ಕಣ್ಣಾರೆ ಕಂಡರು. ೧೯೧೦ರಲ್ಲಿ ಜೋಹಾನ್ಸ್‌ಬರ್ಗಿನ ಬಳಿ ಗೆಳೆಯರಾದ ಕಾಲೆನ್‌ಬಾಕರು ಬಿಟ್ಟುಕೊಟ್ಟ ೧೧೦೦ ಎಕರೆ ನೆಲದಲ್ಲಿ ಟಾಲ್‌ಸ್ಟಾಯ್ ಫಾರ್ಮೆಂಬ ಆಶ್ರಮವನ್ನು ಸ್ಥಾಪಿಸಿ, ಅಲ್ಲಿ ಮದ್ಯಪಾನವನ್ನೂ ಧೂಮಪಾನವನ್ನೂ ನಿಷೇಧಿಸಿದರು. ಅದೇ ಆಶ್ರಮದಲ್ಲಿ ಅವರು ೧೯೧೨ರಲ್ಲಿ ಹಾಲನ್ನೂ ತ್ಯಜಿಸಿದರು. ಇದಕ್ಕೆ ಕಾರಣಗಳೆರಡು. ಹಾಲು ಇಂದ್ರಿಯಗಳನ್ನು ಕೆರಳಿಸುವುದೆಂಬ ನಂಬುಗೆ ಒಂದು. ಕಲಕತ್ತೆಯಿಂದ ಬಂದ ಬರೆಹಗಳಲ್ಲಿ ಗೌಳಿಗರು ಹಸುಗಳನ್ನೂ ಎಮ್ಮೆಗಳನ್ನೂ ಫೂಕಾ ಎಂಬ ಕ್ರೂರವಾದ ರೀತಿಯಿಂದ ಕಡೆಯ ಹನಿಯವರೆಗೆ ಹಿಂಡುವ ವಿವರವನ್ನು ಓದಿದುದು ಇನ್ನೊಂದು. ನಾವು ತಾಯಿಯೆಂದು ಪೂಜಿಸುವ ಪ್ರಾಣಿಗೆ ನಮ್ಮವರೇ ಕೊಡುವ ಈ ಹಿಂಸೆಯು ಅವರ ಮನಸ್ಸಿನಲ್ಲಿ ಮುಳ್ಳಾಗಿ ನೆಟ್ಟಿತು.

ಸ್ವದೇಶಕ್ಕೆ ಮರಳಿದ ಮೇಲೆ ೧೯೧೮ರಲ್ಲಿ ಗುಜರಾತದ ಖೇಡಾ ಜಿಲ್ಲೆಯ ರೈತರ ಪರವಾಗಿ ಕಂದಾಯದ ಸತ್ಯಾಗ್ರಹವನ್ನು ನಡೆಸಿದರು. ತರುವಾಯ ಅದೇ ಹಳ್ಳಿಗಳಲ್ಲಿ ಸುತ್ತುತ್ತಿದ್ದಾಗ ಆಮಶಂಕೆಯಿಂದ ಹಾಸಿಗೆ ಹಿಡಿದು ಮರಣದ ಹೊಸ್ತಿಲಿನವರೆಗೆ ಹೋದರು. ಹಾಲನ್ನು ಕುಡಿಯದೆ ದೇಹವು ಚೇತರಿಸಲಾರದೆಂದು ಮುಂಬಯಿಯ ಡಾಕ್ಟರ್ ದಲಾಲರು ತಿಳಿಸಿದರು. ಗಾಂಧಿಯವರು ವ್ರತವನ್ನು ಮುಂದೊಡ್ಡಿದರು. ವ್ರತವನ್ನು ಹಿಡಿದಾಗ ಮನಸ್ಸಿನಲ್ಲಿದ್ದುದು ಹಸು ಎಮ್ಮೆಗಳಷ್ಟೇ, ಆಡಿನ ಹಾಲಿಗೆ ಅಡ್ಡಿಯೇನೆಂಬ ಸೂಚನೆಯು ಕಸ್ತೂರಬಾ ಅವರಿಂದ ಬಂದಿತು. ರೌಲಟ್ ಶಾಸನವನ್ನು ಎದುರಿಸಲು ಬದುಕಬೇಕೆಂಬ ಆಸೆಯೂ ಬಲವಾಗಿದ್ದಿತು. ಅವರು ಒಪ್ಪಿ ಆಡಿನ ಹಾಲನ್ನು ಸ್ವೀಕರಿಸಿದರು. ಪ್ರತಿಜ್ಞೆಯ ಅಕ್ಷರವು ಉಳಿಯಿತು, ಅದರ ಆತ್ಮವು ಹೋಯಿತು ಎಂದು ಅವರು ತಮ್ಮ ಆತ್ಮಕಥೆಯಲ್ಲಿ ಯಾವ ಮುಚ್ಚುಮರೆಯೂ ಇಲ್ಲದೆ ಒಪ್ಪಿಕೊಂಡರು. ಬೇರೊಬ್ಬರಾಗಿದ್ದರೆ ಶಾಸ್ತ್ರದ ಆಧಾರವನ್ನು ಹುಡುಕಿ ತಮ್ಮನ್ನು ಸಮರ್ಥಿಸಿಕೊಳ್ಳುತ್ತಿದ್ದರು. ತನ್ನ ವ್ರತದ ಊನವನ್ನು ತಾನೇ ಸಾರಿ ಹೇಳುವವನು ಮಾತ್ರವೇ ಪರರಿಗೆ ವ್ರತವನ್ನು ಬೋಧಿಸಲು ಅರ್ಹನು.

ಆ ಕಾಲದ ಹಳ್ಳಿಗಳಲ್ಲಿ ಮದ್ಯದ ವ್ಯಾಪಾರವು ಹೇಗೆ ನಡೆಯುತ್ತಿತ್ತೆಂಬುದನ್ನು ಇಲ್ಲಿ ತಿಳಿಯಬೇಕು. ೧೮೭೮ರ ಮುಂಬಯಿ ಅಬಕಾರಿ ಕಾಯಿದೆಯ ತರುವಾಯ ಸರಾಯಿಯನ್ನು ಇಳಿಸುವ ಹಕ್ಕೂ ಮಾರುವ ಹಕ್ಕೂ ಪರವಾನಗಿಯುಳ್ಳ ಗುತ್ತಿಗೆದಾರರ ಕೈಸೇರಿದುವು. ಶೇಂದಿಯ ಮರಗಳಿಗೂ ತೆರಿಗೆ ಬಿದ್ದಿತು. ಅಂಗಡಿಯವನೇ ಸಾಲ ಕೊಡುವವನಾಗಿ, ಕುಡಿದ ಸಾಲಕ್ಕೆ ಹೊಲವನ್ನು ಬರೆಯಿಸಿಕೊಳ್ಳುವವನೂ ಆದನು. ದಕ್ಷಿಣ ಗುಜರಾತದ ವನವಾಸಿ ಜನರು ಹೀಗೆಯೇ ತಮ್ಮ ನೆಲವನ್ನು ಕಳೆದುಕೊಂಡಿದ್ದರು. ಆಶ್ಚರ್ಯವೆಂದರೆ, ಗಾಂಧಿಯವರು ಸೆರೆಮನೆಯಲ್ಲಿದ್ದ ೧೯೨೨ರ ಕೊನೆಯಲ್ಲಿ ಈ ಜನರು ತಾವಾಗಿಯೇ ಎಚ್ಚತ್ತರು. ದೇವಿಯ ಅಪ್ಪಣೆಯಾಗಿದೆಯೆಂದು ಹಳ್ಳಿ ಹಳ್ಳಿಗಳಲ್ಲಿ ಕೂಡಿ, ಸರಾಯಿ ಶೇಂದಿಗಳನ್ನು ಬಿಟ್ಟು, ದಿನವೂ ಸ್ನಾನ ಮಾಡುವ ನಿಯಮವನ್ನು ಹಿಡಿದರು. ಬಿಡುಗಡೆಯಾದ ಬಳಿಕ ೧೯೨೫ರ ಜನವರಿಯಲ್ಲಿ ಗಾಂಧಿಯವರು ವೇಡಛಿಯಲ್ಲಿ ನಡೆದ ಇವರ ಸಮ್ಮೇಲನಕ್ಕೆ ಬಂದು, ಹಿಡಿದ ವ್ರತವು ಸಡಿಲದಂತೆ ರಾಟೆಯ ಕೆಲಸವನ್ನು ಅದಕ್ಕೆ ಜೋಡಿಸಿದರು. ಬಿಡುವುದು ಒಂದು ದಿನದ ಕೆಲಸ, ಬಿಟ್ಟ ಜಾಗವನ್ನು ಕಾಯಕದಿಂದ ತುಂಬುವುದು ಜೀವಮಾನದ ಕೆಲಸವೆಂಬುದನ್ನು ಅವರು ಬಲ್ಲರು.

ಕರ್ನಾಟಕವೂ ಈ ಹೋರಾಟದಲ್ಲಿ ರಕ್ತವನ್ನು ತೆತ್ತಿದೆ. ಅಸಹಕಾರದ ಕಾಲದಲ್ಲಿ ಸರಾಯಿಯಂಗಡಿಗಳ ಮುಂದೆ ಸ್ವಯಂಸೇವಕರು ನಿಂತು ಕುಡಿಯಬರುವವರಿಗೆ ಕೈಮುಗಿದು ಬೇಡಿಕೊಳ್ಳುತ್ತಿದ್ದರು. ೧೯೨೧ನೆಯ ಜುಲೈ ೧ರಂದು ಧಾರವಾಡದಲ್ಲಿ ಇಂತಹ ಸಂದರ್ಭದಲ್ಲಿಯೇ ಪೋಲೀಸರು ಗುಂಡು ಹಾರಿಸಿದುದರಿಂದ ಮೂವರು ಮಡಿದರು. ೧೯೩೦ರಲ್ಲಿ ವೈಸರಾಯರ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಗಾಂಧಿಯವರು ಸಂಪೂರ್ಣ ಪಾನನಿರೋಧವನ್ನೇ ಮೊದಲನೆಯದಾಗಿ ಇರಿಸಿದರು. ಅದೇ ವರುಷ ಅಂಗಡಿಗಳ ಮುಂದೆ ನಿಲ್ಲುವ ಕಾರ್ಯವನ್ನು ವಿಶೇಷವಾಗಿ ಸ್ತ್ರೀಯರಿಗೆ ಒಪ್ಪಿಸಿದರು. ಕುಡಿತದ ನೋವನ್ನು ಉಣ್ಣುವವರು ಅವರೇ ಅಲ್ಲವೆ! ಮೈಸೂರು ಸೀಮೆಯ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ೧೯೩೯ರಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳುತನದಲ್ಲಿ ಜನರು ಈಚಲು ಮರಗಳನ್ನು ಕಡಿದು ಸೆರೆಮನೆಗೆ ಹೋದುದೂ ಈ ಪರಂಪರೆಯದೇ.

ಇಲ್ಲಿ ಒಂದು ಕಠಿನವಾದ ಪ್ರಶ್ನೆಯು ಎದ್ದಿತು. ೧೯೧೯ರ ಸುಧಾರಣೆಗಳ ಪ್ರಕಾರ ಅಬಕಾರಿಯೂ ವಿದ್ಯಾಭ್ಯಾಸವೂ ಎರಡೂ ದೇಶೀಯ ಮಂತ್ರಿಗಳ ಕೈಗೆ ಬಂದಿದ್ದುವು. ಶಾಲೆಗೆ ಬೇಕಾದ ಹಣವು ಸರಾಯಿಯ ಹುಟ್ಟುವಳಿಯಿಂದಲೇ ಬರಬೇಕಾಯಿತು. ೧೯೩೭ರಲ್ಲಿ ಪ್ರಾಂತಗಳಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳು ಏರ್ಪಟ್ಟಾಗ, ಮದ್ಯವನ್ನು ನಿಲ್ಲಿಸಿದರೆ ಮಕ್ಕಳ ಪಾಠವು ನಿಲ್ಲುವುದೆಂದು ಹಲವರು ಹೆದರಿದರು. ತಂದೆಯ ಕುಡಿತದಿಂದ ಮಗನ ವಿದ್ಯೆಯನ್ನು ನಡೆಸುವ ಈ ಲೆಕ್ಕವನ್ನು ಗಾಂಧಿಯವರು ಸಹಿಸಲಿಲ್ಲ. ಶಾಲೆಯು ತನ್ನ ಮಕ್ಕಳ ಕೈಗೆಲಸದಿಂದಲೇ ಬಹುಮಟ್ಟಿಗೆ ಪೋಷಿತವಾಗಬೇಕೆಂಬ ಮೂಲಶಿಕ್ಷಣದ ಯೋಜನೆಯನ್ನು ಅದೇ ಅಕ್ಟೋಬರಿನಲ್ಲಿ ವರ್ಧಾ ಪರಿಷತ್ತಿನ ಮುಂದಿಟ್ಟರು. ಆ ತಿಂಗಳ ೧ರಂದೇ ಮದರಾಸಿನ ಪ್ರಧಾನಿಗಳಾಗಿದ್ದ ಚಕ್ರವರ್ತಿ ರಾಜಗೋಪಾಲಾಚಾರ್ಯರು ಸೇಲಂ ಜಿಲ್ಲೆಯಲ್ಲಿ ಪಾನನಿರೋಧವನ್ನು ಜಾರಿಗೆ ತಂದಿದ್ದರು. ಆದ ನಷ್ಟವನ್ನು ತುಂಬಲು ೧೯೩೯ರಲ್ಲಿ ಮಾರಾಟ ತೆರಿಗೆಯನ್ನು ಹಾಕಬೇಕಾಯಿತು. ಶೇಂದಿ ಇಳಿಸಿ ಬದುಕುವವರ ಹೊಟ್ಟೆಯ ಪಾಡೇನೆಂಬುದನ್ನೂ ಗಾಂಧಿಯವರು ಮರೆಯಲಿಲ್ಲ. ಅದೇ ಮರದ ಹುಳಿಯದ ರಸದಿಂದ ಬೆಲ್ಲವನ್ನು ಮಾಡುವ ಕಸುಬನ್ನು ಅವರಿಗೆ ತೋರಿಸಿದರು.

ಇನ್ನು ಗೋವಿನ ವಿಷಯಕ್ಕೆ ಬರೋಣ. ಈ ಕಾರ್ಯದ ಮುಖ್ಯ ಘಟ್ಟಗಳೆರಡೂ ಕನ್ನಡ ನಾಡಿನಲ್ಲಿಯೇ ನಡೆದುವೆಂಬುದು ನಮಗೆ ಹೆಮ್ಮೆಯ ಸಂಗತಿ. ೧೯೨೪ರ ಡಿಸೆಂಬರಿನಲ್ಲಿ ಗಂಗಾಧರರಾವ ದೇಶಪಾಂಡೆಯವರ ಶ್ರಮದಿಂದ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನವು ಕೂಡಿತು. ಗಾಂಧಿಯವರು ಅಧ್ಯಕ್ಷರಾದುದು ಆ ಒಂದೇ ಅಧಿವೇಶನಕ್ಕೆ. ಅದೇ ಸಮಯದಲ್ಲಿ ಅಲ್ಲಿ ಜರುಗಿದ ಗೋರಕ್ಷಣ ಪರಿಷತ್ತಿಗೂ ಅವರೇ ಅಧ್ಯಕ್ಷರು. ಅನ್ಯಮತದವರೊಡನೆ ಕಾದಾಡಿ ಗೋವನ್ನು ಉಳಿಸಲಾಗದೆಂಬುದು ಅವರ ದೃಢವಾದ ಅಭಿಪ್ರಾಯವಾಗಿತ್ತು. ಗೋವನ್ನು ಕಟುಕನ ಮನೆಗೆ ಅಟ್ಟುವವನು ಅದನ್ನು ಮಾರುವ ಹಿಂದುವೇ. ಪಟ್ಟಣದ ಗೌಳಿಗನು ಕರೆಯುವ ಹಸುವನ್ನು ಹಳ್ಳಿಯಿಂದ ತರುವನು, ಕರುವನ್ನು ಸಾಯಗೊಡುವನು, ಹಾಲು ಬತ್ತಿದ ಕೂಡಲೆ ಮೇವಿನ ವೆಚ್ಚವನ್ನು ತಾಳಲಾರದೆ ಮಾರಿಬಿಡುವನು. ಹೀಗೆ ಹಳ್ಳಿಯ ಒಳ್ಳೆಯ ತಳಿಯು ಪಟ್ಟಣದಲ್ಲಿ ಮುಗಿದುಹೋಗುವುದು. ಇತ್ತ ಬೆಣ್ಣೆ ಹೆಚ್ಚೆಂದು ಜನರು ಎಮ್ಮೆಯ ಹಾಲನ್ನೇ ಬಯಸುವರು. ಆದರೆ ಹೊಲಕ್ಕೆ ಬೇಕಾದ ಎತ್ತನ್ನು ಕೊಡುವವಳು ಹಸುವೇ. ದುಡಿಮೆಗೆ ಹಸುವಿನ ಮಗ, ಹಾಲಿಗೆ ಎಮ್ಮೆ ಎಂದು ರೈತನು ಎರಡು ದನಗಳನ್ನು ಸಾಕಹೊರಟು, ಕಡೆಗೆ ಒಂದನ್ನೂ ಚೆನ್ನಾಗಿ ಸಾಕಲಾರದೆ ಹೋಗುವನು.

ಪುಣ್ಯಕ್ಕಾಗಿ ಕಟ್ಟಿದ ಗೋಶಾಲೆಗಳ ಸ್ಥಿತಿಯನ್ನೂ ಅವರು ನಿರ್ದಾಕ್ಷಿಣ್ಯವಾಗಿ ಪರಿಶೀಲಿಸಿದರು. ಸಾಹುಕಾರರು ದಾನ ಕೊಟ್ಟು ಕೈತೊಳೆದುಕೊಳ್ಳುವರು. ಒಳಗೆ ಮುದಿ ದನಗಳು ಇಕ್ಕಟ್ಟಿನಲ್ಲಿ ಅರೆಹೊಟ್ಟೆಯಿಂದ ನಿಂತಿರುವುವು. ಇದು ದಯೆಯಲ್ಲವೆಂದು ಅವರು ಸಾರಿದರು. ಗೋಶಾಲೆಗಳು ಪಟ್ಟಣದ ಹೊರಗೆ ವಿಶಾಲವಾದ ನೆಲದಲ್ಲಿರಬೇಕು. ಅಲ್ಲಿ ಮೇವು ಬೆಳೆಯಬೇಕು. ಒಳ್ಳೆಯ ಬಿತ್ತನೆಯ ಹೋರಿಗಳಿರಬೇಕು. ಶುದ್ಧವಾದ ಹಾಲನ್ನು ಜನರಿಗೆ ಸುಲಭ ಬೆಲೆಗೆ ಒದಗಿಸಬೇಕು. ತಾನಾಗಿ ಸತ್ತ ದನದ ಚರ್ಮವನ್ನು ಹದಮಾಡಿ ಬಂದ ಹಣವನ್ನು ಮುದಿ ದನಗಳ ಪೋಷಣೆಗೆ ತೊಡಗಿಸಬೇಕು. ಚರ್ಮದ ಮಾತನ್ನು ಕೇಳಿ ಸಂಪ್ರದಾಯಸ್ಥರು ಬೆಚ್ಚಿದರು. ಆದರೆ ಮಾದಾರ ಚೆನ್ನಯ್ಯನನ್ನೂ ಸಮಗಾರ ಹರಳಯ್ಯನನ್ನೂ ಶರಣರೆಂದು ವಂದಿಸುವ ನಮಗೆ ಇದರಲ್ಲಿ ಬೆಚ್ಚುವುದೇನಿದೆ? ೧೯೨೫ರ ಏಪ್ರಿಲ್ ತಿಂಗಳಲ್ಲಿ ಮುಂಬಯಿಯಲ್ಲಿ ಈ ಧ್ಯೇಯಗಳ ಮೇಲೆಯೇ ಅಖಿಲ ಭಾರತ ಗೋರಕ್ಷಣ ಸಭೆಯು ಸ್ಥಾಪಿತವಾಯಿತು.

೧೯೨೭ರ ಮಾರ್ಚ್ ತಿಂಗಳಲ್ಲಿ ಪ್ರವಾಸದ ಆಯಾಸದಿಂದ ದೇಹವು ಕುಸಿದುದರಿಂದ ಅವರು ವಿಶ್ರಾಂತಿಗಾಗಿ ನಂದಿಬೆಟ್ಟಕ್ಕೆ ಬಂದರು. ಜೂನ್ ತಿಂಗಳಲ್ಲಿ ಬೆಂಗಳೂರಿಗಿಳಿದು ಕುಮಾರಪಾರ್ಕಿನಲ್ಲಿ ತಂಗಿದರು. ಬೆಂಗಳೂರಿನಲ್ಲಿ ೧೯೨೩ರಿಂದ ಸರಕಾರದ ಪಶುಸಂಗೋಪನ ಮತ್ತು ಹೈನುಗಾರಿಕೆಯ ಸಂಸ್ಥೆಯು ನಡೆಯುತ್ತಿತ್ತು. ಅದರ ಮುಖ್ಯಸ್ಥರು ವಿಲಿಯಂ ಸ್ಮಿತ್ ಎಂಬ ಆಂಗ್ಲ ಅಧಿಕಾರಿ. ಐವತ್ತೇಳು ವರುಷದ, ರೋಗದಿಂದ ಆಗತಾನೆ ಎದ್ದ ಈ ಲೋಕವಂದ್ಯರು ವಿದ್ಯಾರ್ಥಿಯಂತೆ ಆ ಕೊಟ್ಟಿಗೆಗಳಿಗೆ ಹೋಗಿ, ಹಸುವಿಗೆ ಎಷ್ಟು ಹಿಂಡಿ, ಎಷ್ಟು ಹುಲ್ಲು, ಎಷ್ಟು ಹಾಲು, ಯಾವ ತಳಿಗೆ ಯಾವ ಹೋರಿ ಎಂಬ ವಿವರಗಳನ್ನು ಕೇಳಿ ತಿಳಿದರು. ತಾವು ಯಾರ ಆಳ್ವಿಕೆಯನ್ನು ವಿರೋಧಿಸುತ್ತಿದ್ದರೋ ಆ ಸರಕಾರದ ಅಧಿಕಾರಿಯಿಂದಲೇ ಪಾಠ ಹೇಳಿಸಿಕೊಳ್ಳಲು ಅವರು ಹಿಂಜರಿಯಲಿಲ್ಲ. ವಿದ್ಯೆಯನ್ನು ಬಲ್ಲವರಿಂದ ಕಲಿಯಬೇಕು. ಅಲ್ಲಿ ಹಗೆಯೂ ಇಲ್ಲ, ಹಿರಿತನವೂ ಇಲ್ಲ. ಈ ಪ್ರಸಂಗವನ್ನು ಓದಿದಾಗಲೆಲ್ಲ ನಮ್ಮಂತಹ ಪಾಠಶಾಲೆಯ ಪಂಡಿತರು ತಲೆ ತಗ್ಗಿಸಬೇಕಾಗುತ್ತದೆ.

ಕಡೆಯ ವರುಷಗಳಲ್ಲಿ ಅವರು ವರ್ಧಾದ ಬಳಿಯ ಸೇವಾಗ್ರಾಮದಲ್ಲಿ ನೆಲೆಸಿದರು. ೧೯೪೧ರಲ್ಲಿ ಗೋಸೇವಾ ಸಂಘವು ಹುಟ್ಟಿತು. ಜಮನಾಲಾಲ ಬಜಾಜರು ತಮ್ಮ ವ್ಯಾಪಾರವೈಭವವನ್ನು ಬದಿಗಿಟ್ಟು ಗುಡಿಸಲಿನಲ್ಲಿದ್ದು ಅದರ ಸೇವೆಗೆ ನಿಂತರು. ಆದರೆ ೧೯೪೨ರ ಫೆಬ್ರವರಿ ೧೧ರಂದು ಅಕಾಲದಲ್ಲಿ ಕಾಲವಾದರು. ಒಬ್ಬೊಬ್ಬ ರೈತನು ಬೇರೆ ಬೇರೆಯಾಗಿ ದನ ಸಾಕಿ ಗೆಲ್ಲಲಾರನು, ಊರವರು ಕೂಡಿ ಸಹಕಾರದಿಂದ ಸಾಕಬೇಕೆಂದು ಗಾಂಧಿಯವರು ಆ ದಿನಗಳಲ್ಲಿಯೇ ಬರೆದರು. ಅವರು ಒಮ್ಮೆ ಸತ್ಯಾಗ್ರಹ ನಡೆಸಿದ ಖೇಡಾ ಜಿಲ್ಲೆಯಲ್ಲಿಯೇ, ಅವರ ಅನುಯಾಯಿ ತ್ರಿಭುವನದಾಸ ಪಟೇಲರ ಮುಂದಾಳುತನದಲ್ಲಿ, ೧೯೪೬ರ ಡಿಸೆಂಬರ್ ೧೪ರಂದು ಹಾಲು ಉತ್ಪಾದಕರ ಸಹಕಾರ ಸಂಘವು ನೋಂದಣಿಯಾಯಿತು. ಅಲ್ಲಿ ಗೆದ್ದುದು ಬಹುಮಟ್ಟಿಗೆ ಎಮ್ಮೆಯ ಹಾಲು. ಗುರುವಿನ ಎಣಿಕೆಯೆಲ್ಲವೂ ಕೈಗೂಡಿತೆನ್ನಲಾಗದು. ಆದರೂ ಹಾಲಿನ ಹಣವು ದಲ್ಲಾಳಿಗೆ ಸೋರದೆ ರೈತನ ಮನೆಯನ್ನು ಸೇರುವ ದಾರಿಯು ತೆರೆಯಿತು.

೧೯೪೮ನೆಯ ಜನವರಿ ೩೦ರಂದು ಗಾಂಧಿಯವರು ಹಂತಕನ ಗುಂಡಿಗೆ ಬಲಿಯಾದರು. ಎರಡು ವರುಷಗಳ ತರುವಾಯ ಜಾರಿಗೆ ಬಂದ ಭಾರತದ ಸಂವಿಧಾನದಲ್ಲಿ ರಾಜ್ಯನೀತಿಯ ನಿರ್ದೇಶಕ ತತ್ತ್ವಗಳನ್ನು ಓದುವವರು ಒಂದು ಸಂಗತಿಯನ್ನು ಕಾಣಬಹುದು. ೪೭ನೆಯ ವಿಧಿಯು ಮಾದಕಪಾನೀಯಗಳ ನಿಷೇಧವನ್ನು ಹೇಳುತ್ತದೆ; ಅದರ ಬೆನ್ನಿಗೇ ೪೮ನೆಯದು ಪಶುಸಂಗೋಪನೆಯನ್ನೂ ಗೋವಿನ ರಕ್ಷಣೆಯನ್ನೂ ಹೇಳುತ್ತದೆ. ಮಹಾತ್ಮರ ಮನಸ್ಸಿನಲ್ಲಿ ಜೊತೆಯಾಗಿದ್ದ ಎರಡು ವ್ರತಗಳು ಅಲ್ಲಿಯೂ ಜೊತೆಯಾಗಿಯೇ ನಿಂತಿವೆ.

ಭಕ್ತರೇ, ಗೋಮಯದಿಂದಾದ ವಿಭೂತಿಯನ್ನು ನಾವು ನಿತ್ಯವೂ ಹಣೆಗೆ ಧರಿಸುತ್ತೇವೆ. ಆ ಗೋವು ನಮ್ಮ ಕೊಟ್ಟಿಗೆಯಲ್ಲಿ ಹೊಟ್ಟೆ ತುಂಬ ಮೇದಿದೆಯೆ ಎಂದು ವಿಚಾರಿಸುವುದೂ ವಿಭೂತಿಧಾರಣೆಯ ಒಂದು ಅಂಗ. ಮುದಿ ಹಸುವನ್ನು ಮಠಕ್ಕೆ ಹೊಡೆದುಬಿಟ್ಟು ಪುಣ್ಯ ಬಂದಿತೆಂದು ತಿಳಿಯುವುದಕ್ಕಿಂತ, ಅದರ ಮೇವಿಗೆ ಒಂದು ಬಂಡಿ ಕಣಿಕೆಯನ್ನು ಜೊತೆಗೆ ಕಳಿಸುವುದು ಲೇಸು. ಊರಿನ ಜಾತ್ರೆಗೆ ವರ್ಗಣಿಯನ್ನು ಎತ್ತುವಾಗ ಸರಾಯಿಯಂಗಡಿಯವನ ಕಾಣಿಕೆಯನ್ನು ದೊಡ್ಡದೆಂದು ಮೊದಲು ಬರೆದುಕೊಳ್ಳುವ ಪದ್ಧತಿಯು ಎಲ್ಲಿಯಾದರೂ ಇದ್ದರೆ ಅದನ್ನು ಇಂದೇ ಬಿಡಬೇಕು. ಶುದ್ಧವಾದ ದುಡಿಮೆ, ಶುದ್ಧವಾದ ದ್ರವ್ಯ, ಶುದ್ಧವಾದ ದಾಸೋಹ: ಈ ಮೂರು ಒಂದಾದಲ್ಲಿ ಶಿವನು ಮೆಚ್ಚುವನು. ಶ್ರೀಗುರುವಿನ ಕೃಪೆಯಿಂದ ನಮ್ಮೆಲ್ಲರಿಗೂ ಅಂತಹ ಬುದ್ಧಿಯು ಉಂಟಾಗಲಿ.

ಶುಭಮಸ್ತು.