ಗೇಮ್ ಪಾತ್ರದ ಮೊಣಕಾಲಿಗೂ ಆಯ್ಲರ್‌ಗೂ ಏನು ಸಂಬಂಧ?

ಮೊಬೈಲ್ ಗೇಮ್‌ನಲ್ಲಿ ಬಿದ್ದ ಪಾತ್ರದ ಮೊಣಕಾಲು ಮುಂದಕ್ಕೆ ಮಡಚಿಕೊಂಡರೆ, ಫೋನ್ ಅಥವಾ ಗ್ರಾಫಿಕ್ಸ್ ಸರಿಯಿಲ್ಲ ಎನ್ನುತ್ತೇವೆ. ಆದರೆ ತಪ್ಪು ಹೆಚ್ಚಾಗಿ ಬೇರೆಡೆ ಇರುತ್ತದೆ: ಕೀಲು ಎಷ್ಟು ಡಿಗ್ರಿ ತಿರುಗಬಹುದು ಎಂಬ ಮಿತಿಯಲ್ಲಿ.

ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ನೆನಪಿಸಿಕೊಳ್ಳಿ. ಪರದೆಗೆ ಒತ್ತಿ ಹಿಡಿದ ಚಪ್ಪಟೆ ಗೊಂಬೆಯ ತೋಳಿನ ಚಲನೆ ಹೇಳಲು ಒಂದು ಕೋನ ಸಾಕು. ಎಲ್ಲ ಕಡೆ ತಿರುಗುವ ನಮ್ಮ ಭುಜಕ್ಕೆ ಮೂರು ಬೇಕು. ಹೀಗೆ ಮೂರು ಕೋನಗಳಲ್ಲಿ ತಿರುಗುವಿಕೆಯನ್ನು ಅಳೆಯುವ ದಾರಿ ಕೊಟ್ಟವರು ಲಿಯೊನ್‌ಹಾರ್ಡ್ ಆಯ್ಲರ್.

1707ರಲ್ಲಿ ಸ್ವಿಟ್ಜರ್ಲೆಂಡ್‌ನ ಬಾಸೆಲ್‌ನಲ್ಲಿ ಹುಟ್ಟಿದ ಆಯ್ಲರ್ ಪಾದ್ರಿಯ ಮಗ. ಮಗನೂ ಪಾದ್ರಿಯಾಗಲಿ ಎಂದಿದ್ದ ತಂದೆಯ ಮನವೊಲಿಸಿದ್ದು ಗಣಿತಜ್ಞ ಯೋಹಾನ್ ಬೆರ್ನೂಲಿ. 20ನೇ ವಯಸ್ಸಿಗೆ ಆಯ್ಲರ್ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ಸೇರಿದರು. 1738ರ ಸುಮಾರಿಗೆ ಬಲಗಣ್ಣಿನ ದೃಷ್ಟಿ ಹೋಯಿತು. ನಂತರ 25 ವರ್ಷ ಬರ್ಲಿನ್‌ನಲ್ಲಿದ್ದು 1766ರಲ್ಲಿ ರಷ್ಯಾಕ್ಕೆ ಮರಳಿದರು. 1771ರಲ್ಲಿ ಎಡಗಣ್ಣಿನ ಪೊರೆ ತೆಗೆಸಿದ ಮೇಲೆ ಸೋಂಕಾಗಿ, ಬಹುತೇಕ ಕುರುಡರಾದರು.

ಕಣ್ಣಿಲ್ಲದವರಿಗೆ ಗಣಿತವಲ್ಲ ಎಂಬ ನಂಬಿಕೆಯನ್ನು ಅವರ ಕೊನೆಯ ವರ್ಷಗಳೇ ಸುಳ್ಳಾಗಿಸಿದವು. ಮನಸ್ಸಿನಲ್ಲೇ ಲೆಕ್ಕ ಹಾಕಿ, ಮಗನಿಂದ, ಸಹಾಯಕರಿಂದ ಬರೆಸಿದರು. ಒಂದು ಬಿಂದು ಕದಲದಂತೆ ಗಟ್ಟಿ ವಸ್ತುವನ್ನು ಹೇಗೆ ತಿರುಗಿಸಿದರೂ, ಅದೇ ಫಲವನ್ನು ಒಂದೇ ಅಕ್ಷದ ಸುತ್ತ ತಿರುಗಿಸಿ ಪಡೆಯಬಹುದೆಂದು 1775ರಲ್ಲಿ ತೋರಿಸಿದರು. 1783ರಲ್ಲಿ ತೀರಿಕೊಂಡರು.

ಇಂದು ಗೇಮ್ ರೂಪಿಸುವವರು ಪ್ರತಿ ಕೋನಕ್ಕೂ ಕನಿಷ್ಠ, ಗರಿಷ್ಠ ಮಿತಿ ಕೊಡುತ್ತಾರೆ. ಆ ಸಂಖ್ಯೆಗಳು ಸ್ಕ್ರಿಪ್ಟ್‌ನ ಕೈಗೆ ಸಿಕ್ಕರೆ, ಗಾಯಗೊಂಡ ಪಾತ್ರದ ಮೊಣಕಾಲನ್ನು ಆಟದ ನಡುವೆಯೇ ಬಿಗಿ ಮಾಡಬಹುದು. ಸಿಗದಿದ್ದರೆ ಪಾತ್ರ ಕುಂಟುವುದೂ ಮೊದಲೇ ಮಾಡಿಟ್ಟ ಚಿತ್ರದಂತೆಯೇ.